ನಿರೋಧ: ಹೊರಗೊಂದು ಬೋರ್ಡು, ಒಳಗೊಂದು ಕೆಲಸ

ಬೀದರಿನ ಯಾವುದಾದರೂ ಮೆಡಿಕಲ್ ಅಂಗಡಿಯ ಎದುರು ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಜ್ವರದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ಮಕ್ಕಳ ಪೌಡರು ಎಲ್ಲವನ್ನೂ ಜನ ಗಟ್ಟಿ ದನಿಯಲ್ಲೇ ಕೇಳುತ್ತಾರೆ. ಒಂದು ವಸ್ತು ಮಾತ್ರ ಹಾಗಲ್ಲ. ಅದಕ್ಕಾಗಿ ಬಂದವನು ಉಳಿದ ಗಿರಾಕಿಗಳು ಹೋಗುವ ತನಕ ಕಾಯುತ್ತಾನೆ, ಬೇಡದಿದ್ದರೂ ಒಂದು ತಲೆನೋವಿನ ಗುಳಿಗೆ ಕೊಳ್ಳುತ್ತಾನೆ, ಕೊನೆಗೆ ಬಾಯಿ ಬಿಡದೆ ಬೆರಳು ತೋರಿಸುತ್ತಾನೆ. ಅಂಗಡಿಯವನೂ ಕಳ್ಳಮಾಲು ಕೊಟ್ಟ ಹಾಗೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಭಾಲ್ಕಿ, ಔರಾದಿನಂಥ ಊರುಗಳಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಅಂಗಡಿಯವನು ಒಂದೋ ಶಾಲೆಯ ಜೊತೆಗಾರ, ಇಲ್ಲವೇ ಹೆಂಡತಿ ಕಡೆಯ ಬೀಗರ ಪೈಕಿ!

ನಗು ಬರುತ್ತದೆ, ನಿಜ. ಆದರೆ ಈ ನಾಚಿಕೆಗೆ ತೆರುವ ಬೆಲೆ ನಗುವಂಥದ್ದಲ್ಲ. ಕಾಂಡೋಮ್ ಎಂಬ ಈ ರಬ್ಬರಿನ ಚೀಲ ಹುಟ್ಟಿದ್ದೇ ರೋಗ ತಡೆಯುವುದಕ್ಕೆ. ಮಕ್ಕಳಾಗದಂತೆ ನೋಡಿಕೊಳ್ಳುವ ಕೆಲಸ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ನಮ್ಮಲ್ಲಿ ಮಾತ್ರ ಎರಡನೆಯ ಕೆಲಸವೇ ಮೊದಲನೆಯದಾಗಿ, ಮೊದಲನೆಯದು ಮರೆತೇ ಹೋಯಿತು. ಅದು ಹೇಗಾಯಿತು, ಮರೆತದ್ದನ್ನು ಮತ್ತೆ ನೆನಪು ಮಾಡಿಕೊಟ್ಟವರು ಯಾರು ಅನ್ನುವುದು ಈ ಬರಹದ ವಿಷಯ. ಮುಜುಗರ ಅನಿಸಿದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಓದಿ ಅಂತಲೇ ನನ್ನ ಕೋರಿಕೆ.

ಮೊದಲು ರೋಗದ ಕತೆ. ಪಪ್ಪಾಯಿಗೆ ಕನ್ನಡದಲ್ಲಿ ಪರಂಗಿ ಹಣ್ಣು ಅಂತ ಹೆಸರಿರುವುದು ನಿಮಗೆಲ್ಲ ಗೊತ್ತು. ಪರಂಗಿಯವರು, ಅಂದರೆ ಫಿರಂಗಿಗಳು ತಂದ ಹಣ್ಣು. ಅದೇ ಪರಂಗಿಯವರ ಹೆಸರಿನಲ್ಲಿ ಒಂದು ಹುಣ್ಣೂ ಇದೆ. ಪರಂಗಿ ಹುಣ್ಣು ಅಂದರೆ ಸಿಫಿಲಿಸ್. ಇಟಲಿಯ ನೇಪಲ್ಸ್ ಮೇಲೆ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ದಂಡೆತ್ತಿ ಹೋದಾಗ, 1494-95ರಲ್ಲಿ, ಈ ರೋಗ ಯುರೋಪಿನಲ್ಲಿ ಭುಗಿಲೆದ್ದಿತು. ಇಟಲಿಯವರು ಅದನ್ನು ಫ್ರೆಂಚ್ ರೋಗ ಅಂದರು, ಫ್ರೆಂಚರು ನೇಪಲ್ಸಿನ ರೋಗ ಅಂದರು. ಈ ರೋಗದ ಹೆಸರಿನಲ್ಲಿ ಯಾವಾಗಲೂ ಪಕ್ಕದ ಮನೆಯವನೇ ಇರುತ್ತಾನೆ ನೋಡಿ.

ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. ಬೀದರಿನಿಂದ ಆಳುತ್ತಿದ್ದ ಬಹಮನಿಗಳಿಗಾಗಿ ಮಹಮೂದ್ ಗಾವಾನ್ 1472ರಲ್ಲಿ ಗೆದ್ದಿದ್ದ ಗೋವಾ 1510ರಲ್ಲಿ ಪೋರ್ಚುಗೀಸರ ಕೈಸೇರಿತು. ಅದೇ ಶತಮಾನದಲ್ಲಿ ಭಾವಮಿಶ್ರ ಬರೆದ 'ಭಾವಪ್ರಕಾಶ' ಎಂಬ ಆಯುರ್ವೇದ ಗ್ರಂಥದಲ್ಲಿ ಫಿರಂಗ ರೋಗ ಅನ್ನುವ ಹೆಸರು ಕಾಣಿಸಿಕೊಳ್ಳುತ್ತದೆ. ಚರಕ, ಸುಶ್ರುತರಲ್ಲಿ ಈ ಹೆಸರಿಲ್ಲ. ಸಂಸರ್ಗದಿಂದ ಬರುವ ರೋಗ ಎಂದು ಭಾವಮಿಶ್ರ ಸರಿಯಾಗಿಯೇ ಗುರುತಿಸಿದ. ಮದ್ದಾಗಿ ಪಾದರಸ ಮತ್ತು ಚೋಪಚೀನಿಯನ್ನು ಹೇಳಿದ. ಉರ್ದು, ಮರಾಠಿ ಬೆರೆತ ನಮ್ಮ ಗಡಿ ಸೀಮೆಯಲ್ಲಿ ಇದಕ್ಕೆ 'ಗರ್ಮಿ' ಅನ್ನುತ್ತಿದ್ದರು. ಮೈಯ ಉಷ್ಣದಿಂದ ಬಂದದ್ದು ಅಂದುಬಿಟ್ಟರೆ ಯಾರಿಂದ ಬಂತು ಅಂತ ಹೇಳಬೇಕಾಗಿಲ್ಲವಲ್ಲ! ಈಗ ಎಲ್ಲವೂ ಸೇರಿ 'ಗುಪ್ತರೋಗ' ಆಗಿದೆ. ಹೆಸರಿನಲ್ಲೇ ಗುಟ್ಟು.

ಈ ರೋಗಕ್ಕೆ ತಡೆ ಹುಡುಕಲು ಹೊರಟವನು ಇಟಲಿಯ ಗಾಬ್ರಿಯೆಲೆ ಫಲೋಪಿಯೊ (1523-1562). ಹೆಂಗಸರ ಗರ್ಭನಾಳಕ್ಕೆ ಫೆಲೋಪಿಯನ್ ನಳಿಕೆ ಅಂತ ಹೆಸರಿದೆಯಲ್ಲ, ಅದು ಇವನ ಹೆಸರೇ. ಅವನು ತೀರಿಕೊಂಡ ಮೇಲೆ 1564ರಲ್ಲಿ ಅಚ್ಚಾದ, ಫ್ರೆಂಚ್ ರೋಗದ ಮೇಲಿನ ಪುಸ್ತಕದಲ್ಲಿ, ಔಷಧಿಯಲ್ಲಿ ನೆನೆಸಿ ಒಣಗಿಸಿದ ನಾರುಬಟ್ಟೆಯ ಕವಚದ ವರ್ಣನೆ ಇದೆ. 1100 ಮಂದಿಗೆ ಕೊಟ್ಟು ನೋಡಿದೆ, ಒಬ್ಬನಿಗೂ ರೋಗ ತಗುಲಲಿಲ್ಲ ಅಂತ ಅವನ ಹೇಳಿಕೆ. ಇವತ್ತಿನ ಲೆಕ್ಕದಲ್ಲಿ ಅದನ್ನು ಪುರಾವೆ ಅನ್ನಲಾಗದು. ಆದರೂ ಒಂದು ಮಾತು ಗಮನಿಸಿ. ಕಾಂಡೋಮಿನ ಬಗ್ಗೆ ಯುರೋಪಿನಲ್ಲಿ ಅಚ್ಚಾದ ಈ ಮೊದಲ ಸ್ಪಷ್ಟ ಬರಹದ ಉದ್ದೇಶ ರೋಗ ತಡೆ. ಸಂತಾನ ನಿಯಂತ್ರಣದ ಮಾತು ಅಲ್ಲಿಲ್ಲ.

ಆಮೇಲೆ ಕುರಿ, ಹಂದಿಗಳ ಕರುಳಿನಿಂದ ಮಾಡಿದವು ಬಂದವು. ಇಂಗ್ಲೆಂಡಿನ ಡಡ್ಲಿ ಕೋಟೆಯ ಹಳೆಯ ಶೌಚಗುಂಡಿಯಲ್ಲಿ 1640ರ ದಶಕದ ಅಂಥ ಕರುಳಿನ ಚೀಲಗಳು ಸಿಕ್ಕಿವೆ. ಇವು ದುಬಾರಿ, ಹಾಗಾಗಿ ಉಳ್ಳವರ ವಸ್ತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ರಬ್ಬರನ್ನು ಗಟ್ಟಿಗೊಳಿಸುವುದನ್ನು ಕಂಡುಹಿಡಿದ. 1855ರ ಹೊತ್ತಿಗೆ ರಬ್ಬರಿನ ಕಾಂಡೋಮ್ ಬಂತು. ಅದು ಸೈಕಲ್ ಟ್ಯೂಬಿನಷ್ಟು ದಪ್ಪ ಅಂತ ಗೇಲಿ ಮಾಡುತ್ತಿದ್ದರಂತೆ! 1920ರ ದಶಕದಲ್ಲಿ ಲ್ಯಾಟೆಕ್ಸ್, ಅಂದರೆ ರಬ್ಬರ್ ಮರದ ಹಾಲನ್ನೇ ನೇರವಾಗಿ ಬಳಸುವ ವಿಧಾನ ಬಂದ ಮೇಲೆ ಅದು ತೆಳುವಾಯಿತು, ಅಗ್ಗವಾಯಿತು.

*

ಈಗ ನಮ್ಮ ನೆಲಕ್ಕೆ ಬರೋಣ. ಬ್ರಿಟಿಷರಿಗೆ ಇಲ್ಲಿ ದೊಡ್ಡ ತಲೆನೋವಾಗಿದ್ದದ್ದು ಅವರ ಸೈನಿಕರಿಗೆ ಹತ್ತುತ್ತಿದ್ದ ಲೈಂಗಿಕ ರೋಗಗಳು. ಅದಕ್ಕೆ ಅವರು ಹುಡುಕಿದ ಪರಿಹಾರದ ಹೆಸರು 'ಲಾಕ್ ಹಾಸ್ಪಿಟಲ್'. ಬಳ್ಳಾರಿ, ಬೆಂಗಳೂರು, ಸಿಕಂದರಾಬಾದಿನಂಥ ದಂಡು ಪ್ರದೇಶಗಳಲ್ಲಿ ಇವು ಇದ್ದವು. 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಎಂಬುದೊಂದು ಬಂತು. ವೇಶ್ಯಾವೃತ್ತಿಯ ಹೆಂಗಸರು ಸರಕಾರದಲ್ಲಿ ಹೆಸರು ಬರೆಸಬೇಕು, ಆಗಾಗ ಪರೀಕ್ಷೆಗೆ ಒಳಗಾಗಬೇಕು, ರೋಗ ಕಂಡರೆ ವಾಸಿಯಾಗುವ ತನಕ ಆ ಆಸ್ಪತ್ರೆಯಲ್ಲಿ ಬಂಧಿಯಾಗಿರಬೇಕು. ರೋಗ ಹತ್ತಿಸಿಕೊಂಡು ಹತ್ತಿಸುತ್ತ ಓಡಾಡುವ ಗಂಡಸಿಗೆ ಇಂಥ ಯಾವ ಕಟ್ಟಳೆಯೂ ಇರಲಿಲ್ಲ. ಅರ್ಧ ಜನರನ್ನು ಮಾತ್ರ ಹಿಡಿದು ರೋಗ ನಿಲ್ಲಿಸಲು ಹೊರಟರೆ ನಿಲ್ಲುತ್ತದೆಯೇ? ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರು ಇಂಥ ಕಾಯ್ದೆಗಳ ವಿರುದ್ಧ ದೊಡ್ಡ ಚಳವಳಿಯನ್ನೇ ಮಾಡಿದರು. ಭಾರತದ ಕಾಯ್ದೆ 1888ರಲ್ಲಿ ರದ್ದಾಯಿತು.

ಅದಾಗಿ 42 ವರ್ಷಕ್ಕೆ ನಮ್ಮದೇ ನಾಡಿನಲ್ಲಿ ಬೇರೆ ಥರದ ಒಂದು ಹೆಜ್ಜೆ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. 1930ರ ಜೂನ್ 11ರಂದು ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲೇ ಸರಕಾರವೊಂದು ಹೀಗೆ ಮಾಡಿದ್ದು ಮೊದಲ ಸಲ ಎಂದು ಚರಿತ್ರೆಕಾರರು ಬರೆಯುತ್ತಾರೆ. ಬೀದರ್, ಭಾಲ್ಕಿ, ಔರಾದಿನವರಿಗೆ ಇದರಿಂದ ಏನೂ ಆಗಲಿಲ್ಲ ಬಿಡಿ. ನಾವು ಆಗ ನಿಜಾಮರ ಪ್ರಜೆಗಳು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೆಯೇ ನಮ್ಮ ಮತ್ತು ಮೈಸೂರಿನ ದಾರಿ ಒಂದಾದದ್ದು.

ಈ ನಡುವೆ 1943ರಲ್ಲಿ ಪೆನಿಸಿಲಿನ್ ಸಿಫಿಲಿಸ್ಸನ್ನು ಗುಣಪಡಿಸುತ್ತದೆ ಎಂದು ಗೊತ್ತಾಯಿತು. ನಾನೂರೈವತ್ತು ವರ್ಷ ಜಗತ್ತನ್ನು ನಡುಗಿಸಿದ ರೋಗ ಸೂಜಿಮದ್ದಿಗೆ ಶರಣಾಯಿತು. ಒಳ್ಳೆಯದೇ. ಆದರೆ 'ಬಂದರೆ ಬರಲಿ, ಒಂದು ಇಂಜೆಕ್ಷನ್ ತಗೊಂಡರಾಯ್ತು' ಅನ್ನುವ ಧೈರ್ಯವೂ ಅದರ ಜೊತೆಗೇ ಬಂತು. ರೋಗ ತಡೆಯುವ ವಸ್ತುವಾಗಿ ಕಾಂಡೋಮಿಗಿದ್ದ ಮರ್ಯಾದೆ ಇಳಿಯತೊಡಗಿದ್ದು ಆಗಲೇ.

*

ನಿರೋಧ್ ಹುಟ್ಟಿದ್ದು ಇಂಥ ಹೊತ್ತಿನಲ್ಲಿ. 1960ರ ದಶಕ, ಜನಸಂಖ್ಯೆಯ ಚಿಂತೆ. ಕಾಂಡೋಮನ್ನು ಬೀಡಿ, ಚಹಾಪುಡಿಯ ಹಾಗೆ ಮೂಲೆಮೂಲೆಯ ಅಂಗಡಿಯಲ್ಲಿ ಸಿಗುವಂತೆ ಮಾಡಿ ಎಂದು ಕಲ್ಕತ್ತದ ಐಐಎಂನವರು ಸರಕಾರಕ್ಕೆ ಸಲಹೆ ಕೊಟ್ಟರು. ಮೊದಲು ಇದಕ್ಕೆ 'ಕಾಮರಾಜ್' ಎಂದು ಹೆಸರಿಡುವ ಯೋಚನೆ ಇತ್ತಂತೆ. ಮನ್ಮಥನ ಹೆಸರು, ಸರಿಯಾಗಿಯೇ ಇದೆ. ಆದರೆ ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಕೆ. ಕಾಮರಾಜ್! ಆ ಹೆಸರು ಅಲ್ಲಿಗೇ ಬಿತ್ತು. ಕೊನೆಗೆ ಬಂದದ್ದು 'ನಿರೋಧ್', ಅಂದರೆ ತಡೆ.

1968ರಲ್ಲಿ ನಿರೋಧ್ ಮಾರುಕಟ್ಟೆಗೆ ಬಂತು. 3ರ ಪೊಟ್ಟಣಕ್ಕೆ 15 ಪೈಸೆ. ಹಿಂದೂಸ್ತಾನ್ ಲಿವರ್, ಬ್ರೂಕ್ ಬಾಂಡ್, ಲಿಪ್ಟನ್, ಟಾಟಾ ಆಯಿಲ್ ಮಿಲ್ಸ್, ಯೂನಿಯನ್ ಕಾರ್ಬೈಡ್‌ನಂಥ ಕಂಪನಿಗಳು ತಮ್ಮ ಚಹಾ, ಸಾಬೂನು, ಬ್ಯಾಟರಿ ಸೆಲ್ಲುಗಳ ಜೊತೆಗೇ ಇದನ್ನೂ ಅಂಗಡಿಗಳಿಗೆ ಮುಟ್ಟಿಸಿದವು. ಮೊದಲು ಹೊರದೇಶಗಳಿಂದ ತರಿಸಿದ ಮಾಲು. ತಿರುವನಂತಪುರದಲ್ಲಿ ಸರಕಾರವೇ 1966ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಲ್ಯಾಟೆಕ್ಸ್ ಕಂಪನಿ, ಜಪಾನಿನ ಒಕಾಮೊಟೊ ಕಂಪನಿಯ ನೆರವಿನಿಂದ 1969ರಲ್ಲಿ ಉತ್ಪಾದನೆ ಶುರು ಮಾಡಿತು. ಅದರ ಇನ್ನೊಂದು ಕಾರ್ಖಾನೆ 1985ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಆಯಿತು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೋಗುವವರಿಗೆ ಗೊತ್ತಿರಬಹುದು. ಕಾಂಡೋಮ್ ತಯಾರಾಗುವ ಊರು ಉತ್ತರ ಕರ್ನಾಟಕದಲ್ಲೇ ಇದೆ, ಅದನ್ನು ಕೇಳಿ ಕೊಳ್ಳಲು ನಾಚುವ ನಾವೂ ಉತ್ತರ ಕರ್ನಾಟಕದಲ್ಲೇ ಇದ್ದೇವೆ.

ನಿರೋಧಿನ ಜಾಹೀರಾತು ಹೇಗಿತ್ತು? ಕೆಂಪು ತ್ರಿಕೋನ, ನಗುವ ಅಪ್ಪ-ಅಮ್ಮ, ಎರಡು ಮಕ್ಕಳು. 'ಚಿಕ್ಕ ಸಂಸಾರ ಚೊಕ್ಕ ಸಂಸಾರ', 'ಆರತಿಗೊಬ್ಬಳು ಕೀರ್ತಿಗೊಬ್ಬ'. ಗೋಡೆ ತುಂಬ ಇದೇ. ಪರಂಗಿ ಹುಣ್ಣಿನ ಬಗ್ಗೆ, ಗನೋರಿಯಾ ಬಗ್ಗೆ ಆ ಗೋಡೆಗಳ ಮೇಲೆ ಒಂದು ಅಕ್ಷರ ಕಂಡವರು ಕಡಿಮೆ. ಸರಕಾರವನ್ನು ಪೂರ್ತಿ ಬಯ್ಯಲೂ ಆಗದು. ಸಂಸಾರದ ವಸ್ತು ಅಂತ ಹೇಳಿದ್ದಕ್ಕೇ ಅದು ಕಿರಾಣಿ ಅಂಗಡಿಗೆ ಬರಲು ಸಾಧ್ಯವಾದದ್ದು. ರೋಗದ ಹೆಸರೆತ್ತಿದ್ದರೆ ಅಂಗಡಿಯವರು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲವೇನೋ.

ಇಲ್ಲಿ ನನಗೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890-1999) ನೆನಪಾಗುತ್ತಾರೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಪುಣ್ಯಾತ್ಮರು ಅವರು. ನಮ್ಮ ಕಡೆ ಈ ಮಾತು ಮಕ್ಕಳಿಗೂ ಗೊತ್ತು. ನಿರೋಧ್ ಕೂಡ ಹಾಗೆಯೇ ಹೊರಗೊಂದು ಬೋರ್ಡು, ಒಳಗೊಂದು ಕೆಲಸ ಇಟ್ಟುಕೊಂಡಿತ್ತು. ಒಂದೇ ವ್ಯತ್ಯಾಸ. ಮಠದೊಳಗೆ ಹೋದ ಮಗುವಿಗೆ ಒಳಗೆ ಏನು ಸಿಗುತ್ತದೆ ಅಂತ ತಿಳಿದಿತ್ತು. ನಿರೋಧಿನ ಒಳಗೆ ರೋಗ ತಡೆಯುವ ಶಕ್ತಿಯೂ ಇದೆ ಅಂತ ಕೊಂಡವನಿಗೆ ಯಾರೂ ಹೇಳಲಿಲ್ಲ.

ಅದರ ಪರಿಣಾಮ ಏನಾಯಿತು ಗೊತ್ತೇ? ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಬಹುಪಾಲು ಗಂಡಸರಿಗೆ. ಆ ಬಲವಂತದ ಭಯದಲ್ಲಿ ಗಂಡಸರು ಕುಟುಂಬ ಯೋಜನೆಯಿಂದ ದೂರ ಸರಿದವರು ಮತ್ತೆ ಹತ್ತಿರ ಬರಲೇ ಇಲ್ಲ. ಭಾರ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ನಮ್ಮ ಹಳ್ಳಿಗಳಲ್ಲಿ ಬೇಗ ಮದುವೆ, ಬೇಗ ಎರಡು ಮೂರು ಮಕ್ಕಳು, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್. ಆಮೇಲೆ ನಿರೋಧ್ ಯಾಕೆ ಬೇಕು? ಮಕ್ಕಳಾಗುವುದಿಲ್ಲವಲ್ಲ! ಹೊರಗಿನ ಬೋರ್ಡನ್ನು ಮಾತ್ರ ಓದಿದವರು ಹೀಗೆ ಕೇಳುವುದು ಸಹಜವೇ.

*

1986ರಲ್ಲಿ ಮದ್ರಾಸಿನಲ್ಲಿ ಡಾ. ಸುನಿತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಎಚ್‌ಐವಿ ಇರುವುದನ್ನು ಮೊದಲ ಬಾರಿಗೆ ಪತ್ತೆ ಮಾಡಿದರು. ಈ ಸಲ ಪೆನಿಸಿಲಿನ್ ಇರಲಿಲ್ಲ, ಬೇರೆ ಮದ್ದೂ ಇರಲಿಲ್ಲ. ನಾನೂರು ವರ್ಷ ಹಳೆಯ ಫಲೋಪಿಯೊನ ಉಪಾಯ ಒಂದೇ ಉಳಿದಿದ್ದದ್ದು.

ಅದು ಎಷ್ಟು ಕೆಲಸ ಮಾಡುತ್ತದೆ ಎಂದು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಥಾಯ್ಲೆಂಡ್. 1989ರಲ್ಲಿ ರಾಚಬುರಿ ಪ್ರಾಂತ್ಯದಲ್ಲಿ ಡಾ. ವಿವತ್ ಎಂಬುವವರು ಶುರು ಮಾಡಿದ ಯೋಜನೆಯಲ್ಲಿ ಕಾಂಡೋಮ್ ಇಲ್ಲದೆ ವೇಶ್ಯಾಗೃಹಗಳಲ್ಲಿ ವ್ಯವಹಾರವೇ ಇಲ್ಲ ಎಂದಾಯಿತು. 1991ರಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. 1989ರಿಂದ 1993ರ ನಡುವೆ ಅಲ್ಲಿ ಇಂಥ ಸಂಪರ್ಕಗಳಲ್ಲಿ ಕಾಂಡೋಮ್ ಬಳಕೆ ಶೇ. 14ರಿಂದ ಶೇ. 94ಕ್ಕೆ ಏರಿತು. ಗಂಡಸರಲ್ಲಿ ವರದಿಯಾದ ಐದು ಮುಖ್ಯ ಲೈಂಗಿಕ ರೋಗಗಳು ಶೇ. 79ರಷ್ಟು ಇಳಿದವು.

ಆದರೆ ಥಾಯ್ಲೆಂಡಿನದು ಸರಕಾರ ಮೇಲಿನಿಂದ ಹೇರಿದ ನಿಯಮ. ನಮ್ಮ ಕರ್ನಾಟಕದ ಕತೆ ಬೇರೆ, ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಅದು ಮೈಸೂರಿನದು. 2004ರಲ್ಲಿ ಅಲ್ಲಿ ಲೈಂಗಿಕ ವೃತ್ತಿಯ ಹೆಂಗಸರ ನಡುವೆ ಒಂದು ಯೋಜನೆ ಆರಂಭವಾಯಿತು. ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಕಾರ್ಯಕ್ರಮದ ಹಣ, ಮಾನಿಟೋಬಾ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟಿನ ಬೆಂಬಲ. ಮುಂದೆ ಆ ಹೆಂಗಸರೇ ಸೇರಿ 'ಅಶೋದಯ ಸಮಿತಿ' ಎಂಬ ಸಂಘ ಕಟ್ಟಿಕೊಂಡರು. ಹೋಗಿ ತಿಳಿಹೇಳುವವರು ಅವರೇ, ಕಾಂಡೋಮ್ ಹಂಚುವವರು ಅವರೇ. ಕ್ಲಿನಿಕ್ಕು, ಹಗಲು ಹೊತ್ತು ಬಂದು ದಣಿವಾರಿಸಿಕೊಳ್ಳಲು ಒಂದು ತಾವು, ಪೊಲೀಸರೋ ಪುಂಡರೋ ಕಾಡಿದರೆ ತಕ್ಷಣ ಓಡಿ ಬರುವ ಗುಂಪು, ಇಷ್ಟೂ ಇತ್ತು.

ಪೊಲೀಸರ ಕಾಟಕ್ಕೂ ಕಾಂಡೋಮಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಕತ್ತಲಲ್ಲಿ, ಹೆದರಿ, ಅವಸರದಲ್ಲಿ ಇರುವವಳು 'ಇದನ್ನು ಹಾಕಿಕೊಂಡರೆ ಮಾತ್ರ' ಅಂತ ಹೇಳಲಾರಳು. ಒದೆ ತಿಂದರೆ ಕೇಳುವವರಿದ್ದಾರೆ ಅನ್ನುವ ಧೈರ್ಯ ಬಂದ ಮೇಲೆ ಆ ಮಾತು ಬಾಯಿಗೆ ಬರುತ್ತದೆ.

ಫಲಿತಾಂಶ 2008ರಲ್ಲಿ ಸುಶೇನಾ ರೆಜಾ-ಪಾಲ್ ಮತ್ತು ಸಂಗಡಿಗರ ಅಧ್ಯಯನವಾಗಿ ಪ್ರಕಟವಾಯಿತು. 2004 ಮತ್ತು 2006ರಲ್ಲಿ ತಲಾ ನಾನೂರಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿ ಹೋಲಿಸಿದ ಅಂಕಿಗಳಿವು. ಅಪರೂಪದ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ. 65ರಿಂದ ಶೇ. 90ಕ್ಕೆ ಏರಿತು. ಸಿಫಿಲಿಸ್ ಶೇ. 25ರಿಂದ ಶೇ. 12ಕ್ಕೆ, ಟ್ರೈಕೊಮೊನಾಸ್ ಶೇ. 33ರಿಂದ ಶೇ. 14ಕ್ಕೆ, ಕ್ಲಮಿಡಿಯಾ ಶೇ. 11ರಿಂದ ಶೇ. 5ಕ್ಕೆ, ಗನೋರಿಯಾ ಶೇ. 5ರಿಂದ ಶೇ. 2ಕ್ಕೆ ಇಳಿದವು. ಬರೀ ಎರಡು ವರ್ಷದಲ್ಲಿ! ಜೊತೆಗೆ ಚಿಕಿತ್ಸೆಯೂ ಇತ್ತು, ಹಾಗಾಗಿ ಪೂರ್ತಿ ಯಶಸ್ಸನ್ನು ಕಾಂಡೋಮ್ ಒಂದಕ್ಕೇ ಕೊಡಲಾಗದು. ಎಚ್‌ಐವಿ ಮಾತ್ರ ಶೇ. 26 ಇದ್ದದ್ದು ಶೇ. 24, ಹೆಚ್ಚುಕಡಿಮೆ ಹಾಗೇ ನಿಂತಿತು. ಒಮ್ಮೆ ಬಂದರೆ ಜೀವಮಾನವಿಡೀ ಇರುವ ಸೋಂಕು ಅದು, ಎರಡು ವರ್ಷದಲ್ಲಿ ಲೆಕ್ಕ ಇಳಿಯುವುದಿಲ್ಲ.

ಲಾಕ್ ಹಾಸ್ಪಿಟಲಿನ ಕಾಲವನ್ನು ಒಮ್ಮೆ ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಹಿಡಿದು, ಕೂಡಿಹಾಕಿ, ಬಲವಂತವಾಗಿ ಪರೀಕ್ಷಿಸಿದ್ದು ಇಂಥವೇ ಹೆಂಗಸರನ್ನು. ರೋಗ ನಿಲ್ಲಲಿಲ್ಲ. ಇಲ್ಲಿ ಅದೇ ಹೆಂಗಸರ ಕೈಗೆ ಕೆಲಸ ಕೊಟ್ಟಾಗ ಎರಡೇ ವರ್ಷದಲ್ಲಿ ರೋಗ ಅರ್ಧಕ್ಕೆ ಇಳಿಯಿತು.

ದಕ್ಷಿಣ ಭಾರತದ ಮಟ್ಟದಲ್ಲೂ ಇದರ ಗುರುತು ಕಾಣುತ್ತದೆ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ದಕ್ಷಿಣದ ರಾಜ್ಯಗಳಲ್ಲಿ ಬಸಿರು ತಪಾಸಣೆಗೆ ಬಂದ 15ರಿಂದ 24 ವಯಸ್ಸಿನ ಹೆಂಗಸರಲ್ಲಿ ಎಚ್‌ಐವಿ 2000ದಲ್ಲಿ ಶೇ. 1.7 ಇದ್ದದ್ದು 2004ಕ್ಕೆ ಶೇ. 1.1ಕ್ಕೆ ಇಳಿದಿತ್ತು. ಲೈಂಗಿಕ ವೃತ್ತಿಯ ಕಡೆ ಕಾಂಡೋಮ್ ಬಳಕೆ ಹೆಚ್ಚಿದ್ದೇ ಕಾರಣವಿರಬಹುದು ಎಂದು ಬರೆದವರ ಅಭಿಪ್ರಾಯ. ಅಂದರೆ ಎಲ್ಲೋ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಹೆಂಗಸು 'ಇದಿಲ್ಲದೆ ಆಗುವುದಿಲ್ಲ' ಅಂದದ್ದರಿಂದ, ಅವಳನ್ನು ಕಂಡರೆ ಮುಖ ತಿರುಗಿಸುವ ಮನೆಯ ಸೊಸೆಯ ಬಸಿರು ಉಳಿಯಿತು.

2008ರಲ್ಲಿ 'ಕಾಂಡೋಮ್ ಕಾಂಡೋಮ್' ಅಂತ ಹಾಡುವ ಮೊಬೈಲ್ ರಿಂಗ್‌ಟೋನ್ ಬಂದದ್ದು ನೆನಪಿದೆಯೇ? ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟಿನದು. ಆ ಶಬ್ದವನ್ನು ನಾಲಗೆಗೆ ಒಗ್ಗಿಸುವುದೇ ಅದರ ಉದ್ದೇಶವಾಗಿತ್ತು. ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಶಾಲೆಗಳ ಲೈಂಗಿಕ ಶಿಕ್ಷಣ ಬೇಡ ಎಂದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡ ಹಾಗೆ.

*

ಈಗ ವಸ್ತುವಿನ ಬಗ್ಗೆ ನಾಲ್ಕು ಮಾತು, ಯಾಕೆಂದರೆ ತಪ್ಪು ತಿಳಿವಳಿಕೆ ಬಹಳ. ಗಾಜಿನ ಅಚ್ಚುಗಳನ್ನು ಲ್ಯಾಟೆಕ್ಸಿನಲ್ಲಿ ಅದ್ದಿ ತೆಗೆದು ಒಣಗಿಸಿ ಕಾಂಡೋಮ್ ಮಾಡುತ್ತಾರೆ. ಪ್ರತಿ ತಂಡದಿಂದ ಕೆಲವನ್ನು ಆರಿಸಿ 300 ಮಿಲಿಲೀಟರ್ ನೀರು ತುಂಬಿ ಸೋರುತ್ತದೆಯೇ ನೋಡುತ್ತಾರೆ, ಗಾಳಿ ತುಂಬಿ ಒಡೆಯುವ ತನಕ ಉಬ್ಬಿಸುತ್ತಾರೆ. ಮಾಮೂಲಿ ಅಳತೆಯದು ಕನಿಷ್ಠ 16-18 ಲೀಟರ್ ಗಾಳಿ ತಡೆಯಬೇಕು. ನಮ್ಮೂರುಗಳಲ್ಲಿ ಹುಡುಗರು ನಿರೋಧ್ ಊದಿ ಬಲೂನು ಮಾಡಿಕೊಂಡು ಆಡುತ್ತಿದ್ದರಲ್ಲ, ಅವರೂ ತಿಳಿಯದೆ ಅದೇ ಪರೀಕ್ಷೆ ಮಾಡುತ್ತಿದ್ದರು ಅನ್ನಿ!

ಎಚ್‌ಐವಿ, ಗನೋರಿಯಾ, ಕ್ಲಮಿಡಿಯಾ ಹರಡುವುದು ಮುಖ್ಯವಾಗಿ ದೇಹದ ಸ್ರಾವಗಳಿಂದ. ಲ್ಯಾಟೆಕ್ಸ್ ಅವನ್ನು ದಾಟಗೊಡುವುದಿಲ್ಲ. ಪ್ರತಿ ಸಲವೂ ಬಳಸುವವರಲ್ಲಿ ಎಚ್‌ಐವಿ ತಗುಲುವುದು ಸುಮಾರು ಶೇ. 80ರಷ್ಟು ಕಡಿಮೆ ಎಂದು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ಸಿಫಿಲಿಸ್, ಹರ್ಪಿಸ್, ಎಚ್‌ಪಿವಿ ಚರ್ಮದಿಂದ ಚರ್ಮಕ್ಕೂ ಹರಡುತ್ತವೆ. ಕಾಂಡೋಮ್ ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ರಕ್ಷಣೆ ಕಡಿಮೆ. ಆದರೂ ಇಲ್ಲದ್ದಕ್ಕಿಂತ ಇದ್ದದ್ದು ಎಷ್ಟೋ ಮೇಲು. ಎಚ್‌ಪಿವಿಗೆ, ಹೆಪಟೈಟಿಸ್ ಬಿಗೆ ಲಸಿಕೆಗಳೂ ಇವೆ.

ಬಳಸುವ ರೀತಿಯಲ್ಲೇ ಹೆಚ್ಚು ಎಡವುವುದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಾಗಿದರೆ ಲ್ಯಾಟೆಕ್ಸ್ ಸಡಿಲವಾಗಿ ಹರಿಯುತ್ತದೆ. ನೀರಿನ ಅಂಶದ ಜೆಲ್ ಆದರೆ ಅಡ್ಡಿಯಿಲ್ಲ. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಪಾಕೀಟಿನಲ್ಲೋ ಲಾರಿಯ ಕ್ಯಾಬಿನ್ನಿನಲ್ಲೋ ಇಟ್ಟದ್ದನ್ನು ನಂಬಬಾರದು. ಪೊಟ್ಟಣದ ಮೇಲಿನ ತಾರೀಕು ನೋಡಬೇಕು, ಹಲ್ಲಿನಿಂದ ಕಚ್ಚಿ ಹರಿಯಬಾರದು. ತುದಿಯ ಗಾಳಿ ಹಿಂಡಿ, ಮೊದಲಿನಿಂದಲೇ ಹಾಕಿಕೊಳ್ಳಬೇಕು. ಮುಗಿದ ಮೇಲೆ ಬುಡ ಹಿಡಿದು ತೆಗೆಯಬೇಕು. ಒಂದರ ಮೇಲೊಂದು ಎರಡು ಹಾಕಿದರೆ ಭದ್ರ ಅನ್ನುವುದು ಸುಳ್ಳು, ಉಜ್ಜಿ ಹರಿಯುವುದೇ ಹೆಚ್ಚು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸುವ ಹಾಗಿಲ್ಲ.

*

ಇಷ್ಟೆಲ್ಲ ಹೇಳಿ ಬೀದರಿಗೆ ವಾಪಸು ಬರದಿದ್ದರೆ ಹೇಗೆ? ಮೈಸೂರಿನ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಹೊಸ ಗಿರಾಕಿಯ ಜೊತೆ ಶೇ. 90 ಕಾಂಡೋಮ್ ಬಳಸಿದ ಅದೇ ಹೆಂಗಸರು ತಮ್ಮ ಗಂಡ ಅಥವಾ ಕಾಯಂ ಸಂಗಾತಿಯ ಜೊತೆ ಬಳಸಿದ್ದು ಬರೀ ಶೇ. 30. ಮೊದಲು ಅದು ಶೇ. 7 ಇತ್ತು. ಊರ ಗಂಡಸರನ್ನೆಲ್ಲ ಒಪ್ಪಿಸಬಲ್ಲವಳಿಗೇ ಮನೆಯೊಳಗೆ ಆ ಮಾತು ಆಡುವುದು ಅಷ್ಟು ಕಷ್ಟವಾಯಿತು. ಸಂಘವಿಲ್ಲದ, ಕೇಳುವವರಿಲ್ಲದ ಭಾಲ್ಕಿಯ ಅಥವಾ ಔರಾದಿನ ಒಬ್ಬ ಗೃಹಿಣಿಯ ಪಾಡೇನು?

ನಮ್ಮ ಜಿಲ್ಲೆ ಮೂರು ರಾಜ್ಯ ಕೂಡುವ ಮೂಲೆಯಲ್ಲಿದೆ. ಔರಾದಿನ ಅತ್ತ ಮಹಾರಾಷ್ಟ್ರ, ಇತ್ತ ತೆಲಂಗಾಣ. ಔರಾದ್ ಪಟ್ಟಣಕ್ಕೆ ರೈಲಿಲ್ಲ, ಬಸ್ಸೇ ಗತಿ. ಭಾಲ್ಕಿಗೆ ರೈಲಿದೆ, ಅದು ಒಂದು ಕಡೆ ಹೈದರಾಬಾದಿಗೂ ಇನ್ನೊಂದು ಕಡೆ ಮಹಾರಾಷ್ಟ್ರಕ್ಕೂ ಒಯ್ಯುತ್ತದೆ. ಮಳೆ ಕೈಕೊಟ್ಟ ವರ್ಷ ಗಂಡಸರು ಹೈದರಾಬಾದ್, ಪುಣೆ, ಮುಂಬಯಿಗೆ ಕೂಲಿಗೆ ಹೋಗುತ್ತಾರೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಅವರೆಲ್ಲ ದಾರಿ ತಪ್ಪುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ತಪ್ಪಿದವನ ಹೆಂಡತಿಗೆ ತನ್ನನ್ನು ಕಾಪಾಡಿಕೊಳ್ಳಲು ಒಂದು ಮಾತಾದರೂ ಬೇಕಲ್ಲ? ಆ ಮಾತು ಅವಳ ಬಾಯಲ್ಲಿಲ್ಲ. ಅವಳಿಗೆ ಆಪರೇಷನ್ ಆಗಿದೆ. 'ಮಕ್ಕಳಾಗುತ್ತವೆ, ಹಾಕಿಕೋ' ಎಂದು ಹೇಳುವ ನೆಪವೂ ಹೋಯಿತು. ಈಗ ಕೇಳಿದರೆ 'ನನ್ನ ಮೇಲೆ ಅನುಮಾನವೇ?' ಅಥವಾ 'ನೀನೇ ಏನೋ ಮಾಡಿದ್ದೀಯ' ಎಂಬ ಉತ್ತರ. ನಿರೋಧಿಗೆ ಸಂಸಾರದ ಬೋರ್ಡು ಹಾಕಿದ್ದೆವು. ಸಂಸಾರದೊಳಗೇ ಅದು ಅನುಮಾನದ ವಸ್ತುವಾಗಿ ಕೂತಿದೆ.

ದಾರಿ ಇಲ್ಲವೆಂದಲ್ಲ. ಸರಕಾರಿ ದವಾಖಾನೆಗಳಲ್ಲಿ ನಿರೋಧ್ ಪುಕ್ಕಟೆ ಸಿಗುತ್ತದೆ. ಲೈಂಗಿಕ ರೋಗಗಳ ಚಿಕಿತ್ಸೆ ನೀಡುವ 'ಸುರಕ್ಷಾ' ಕ್ಲಿನಿಕ್ಕುಗಳಿವೆ, ಎಚ್‌ಐವಿ ಪರೀಕ್ಷೆ ಉಚಿತ, 1097 ಸಂಖ್ಯೆಗೆ ಫೋನ್ ಮಾಡಿ ಹೆಸರು ಹೇಳದೆ ಕೇಳಬಹುದು. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ವಿಷಯ ಗುಟ್ಟಾಗಿಡಬೇಕು, ಸೋಂಕಿತರನ್ನು ಕೆಲಸದಲ್ಲಿ, ಶಾಲೆಯಲ್ಲಿ ಬೇರೆ ಮಾಡುವಂತಿಲ್ಲ. ಮದ್ದೂ ಬಂದಿದೆ. ಸರಿಯಾಗಿ ಔಷಧ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ ಅಂತ ಈಗ ಗೊತ್ತಾಗಿದೆ. ಗನೋರಿಯಾದ ವಿಷಯ ಉಲ್ಟಾ, ಒಂದೊಂದೇ ಮದ್ದಿಗೆ ಜಗ್ಗದಂತಾಗುತ್ತಿದೆ. ಹಾಗಾಗಿ ರಬ್ಬರಿನ ಈ ಹಳೆಯ ಚೀಲಕ್ಕೆ ಇನ್ನೂ ನಿವೃತ್ತಿ ಇಲ್ಲ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುವಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, 'ಆಪರೇಷನ್ ಆಗಿದ್ದರೂ ಇದು ಬೇಕಾಗಬಹುದು, ಇದರ ಇನ್ನೊಂದು ಕೆಲಸ ಇದು' ಅಂತ ಒಂದು ವಾಕ್ಯ ಹೇಳಿದರೆ ಸಾಕು, ಹೆಂಡತಿಗೆ ಆಮೇಲೆ ಆ ಮಾತು ಎತ್ತಲು ಒಂದು ಆಧಾರ ಸಿಗುತ್ತದೆ. 'ದವಾಖಾನೆಯವರು ಹೇಳಿದ್ದಾರೆ' ಅನ್ನಬಹುದಲ್ಲ. ಕೂಲಿಗೆ ಹೊರಟವನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಇದನ್ನೂ ಇಡುವ ಧೈರ್ಯ ಯಾವ ಮನೆಗೆ ಬರುತ್ತದೋ ಆ ಮನೆ ಗೆದ್ದಿತು.

ನಿಮ್ಮ ಊರಿನ ಕಡೆ ಈ ರೋಗಗಳಿಗೆ, ಈ ವಸ್ತುವಿಗೆ ಏನೇನು ಹೆಸರುಗಳಿವೆ? ಹಳಬರು ಏನನ್ನುತ್ತಿದ್ದರು? ಗೊತ್ತಿದ್ದವರು ಬರೆಯಿರಿ. ಹೆಸರಿಟ್ಟು ಕರೆಯಲು ಬಂದರೆ ಅರ್ಧ ನಾಚಿಕೆ ಹೋದ ಹಾಗೆ.